ತಿರುಗಿ ಬರುವ ಅಲೆ: ಕಾರಿನ ಹೆಡರ್ ಮತ್ತು ಪೈಪಿನ ಉದ್ದ

ವಿಜಯಪುರದ ಗ್ಯಾರೇಜುಗಳಲ್ಲಿ ಕಾರಿನ ಶಕ್ತಿ ಹೆಚ್ಚಿಸುವ ಮಾತು ಬಂದರೆ ಮೊದಲು ಏಳುವುದು ಹೊಗೆಕೊಳವೆಯ ಸುದ್ದಿ. 'ದೊಡ್ಡ ಪೈಪ್ ಹಾಕಸ್ರಿ, ಹೊಗಿ ಸಲೀಸ ಹೊರಗ ಹೋಗ್ತದ, ಗಾಡಿ ಚೊಲೋ ಎಳೀತದ' ಎಂಬ ಸಲಹೆ ತಿಕೋಟಾ, ಬಬಲೇಶ್ವರದ ರಸ್ತೆಬದಿಯ ವೆಲ್ಡಿಂಗ್ ಅಂಗಡಿಗಳಲ್ಲೂ ಸಿಗುತ್ತದೆ. ಈ ಸಲಹೆಯಲ್ಲಿ ಅರ್ಧ ಸತ್ಯವಿದೆ. ಹೊಗೆ ಸಲೀಸಾಗಿ ಹೋಗಬೇಕು, ನಿಜ. ಆದರೆ ಅದು ಡ್ರಿಪ್ ಪೈಪಿನ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ. ಬಡಿತ ಬಡಿತವಾಗಿ ಬರುತ್ತದೆ. ಪ್ರತಿ ಬಡಿತವೂ ಒಂದು ಒತ್ತಡದ ಅಲೆಯನ್ನು ಎಬ್ಬಿಸುತ್ತದೆ, ಆ ಅಲೆ ಪೈಪಿನ ತುದಿ ಮುಟ್ಟಿ ತಿರುಗಿ ಎಂಜಿನ್ನಿನತ್ತ ಬರುತ್ತದೆ. ಸರಿಯಾದ ಹೊತ್ತಿಗೆ ಬಂದರೆ ಎಂಜಿನ್ನಿಗೆ ಲಾಭ, ಹೊತ್ತು ತಪ್ಪಿ ಬಂದರೆ ನಷ್ಟ.

ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ, ಕಂಪನಿ ಕೊಟ್ಟ ಎರಕದ ಮ್ಯಾನಿಫೋಲ್ಡನ್ನು ಬಿಚ್ಚಿ, ಅದರ ಜಾಗದಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಉಕ್ಕಿನ ಪೈಪು ಇರುವ ಹೆಡರನ್ನು ಕೂರಿಸುವವರು ಈ ಅಲೆಯೊಡನೆ ವ್ಯವಹಾರಕ್ಕೆ ಇಳಿಯುತ್ತಾರೆ. ಮನೆಯಂಗಳದಲ್ಲಿ ಪಾನಾ ಹಿಡಿಯುವ ಮೊದಲೇ ಅವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಪೈಪು ಯಾವ ವೇಗಕ್ಕೆ ಹೊಂದಿಸಿದ್ದು, ನನ್ನ ಗಾಡಿ ದಿನವೂ ಓಡುವುದು ಯಾವ ವೇಗದಲ್ಲಿ?

ಗುಮ್ಮಟದೊಳಗಿನ ಅಲೆ

ಅಲೆಯ ಗುಣ ತಿಳಿಯಲು ವಿಜಯಪುರದವರು ದೂರ ಹೋಗಬೇಕಿಲ್ಲ. ಮೊಹಮ್ಮದ್ ಆದಿಲ್ ಶಾಹನ ಸಮಾಧಿಯಾಗಿ 1656ರಲ್ಲಿ ನಿಂತ ಗೋಲ್ ಗುಂಬಜ್‌ನ ಗುಮ್ಮಟಕ್ಕೆ ಒಳಗಿನಿಂದ ಸುಮಾರು 38 ಮೀಟರ್ ವ್ಯಾಸವಿದೆ. ಅದರ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದರೆ ಕೈಗಳ ನಡುವಿನ ಗಾಳಿ ಒಮ್ಮೆ ಒತ್ತಿಕೊಳ್ಳುತ್ತದೆ. ಆ ಒತ್ತಡ ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಡುತ್ತದೆ, 0.11 ಸೆಕೆಂಡಿನಲ್ಲಿ ಎದುರಿನ ಗೋಡೆ ಮುಟ್ಟುತ್ತದೆ. ಗಾರೆಯ ಗಟ್ಟಿ ಗೋಡೆ ಜಗ್ಗುವುದಿಲ್ಲ. ಹಾಗಾಗಿ ಒತ್ತಡವಾಗಿ ಹೋದ ಅಲೆ ಒತ್ತಡವಾಗಿಯೇ ಮರಳುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಒಂದು ಚಪ್ಪಾಳೆ ಹಲವು ಸಲ ಕೇಳುವುದು ಹೀಗೆ. ಪಿಸುಮಾತು ಗೋಡೆಯ ಬಾಗನ್ನೇ ಹಿಡಿದು ಸಾಗಿ ಎದುರಿನವರ ಕಿವಿ ತಲುಪುವುದು ಇದೇ ಅಲೆಯ ಇನ್ನೊಂದು ಚಾಳಿ. ಸರ್ ಸಿ. ವಿ. ರಾಮನ್ 1920ರ ದಶಕದ ಆರಂಭದಲ್ಲಿ ಇಂಥ ಗ್ಯಾಲರಿಗಳ ಅಧ್ಯಯನಕ್ಕೆ ಇಳಿದಾಗ ಗೋಲ್ ಗುಂಬಜನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಎಂಜಿನ್ನಿನಲ್ಲಿ ಆಗುವುದೂ ಇದೇ, ಅಳತೆ ಮಾತ್ರ ಬೇರೆ. ಗುಮ್ಮಟದ ಅಲೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗುವಷ್ಟರಲ್ಲಿ, ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನ ಕ್ರ್ಯಾಂಕು ಐದು ಸುತ್ತಿಗೂ ಹೆಚ್ಚು ತಿರುಗಿರುತ್ತದೆ. ಅಲ್ಲಿ ಮಾತು ಮಿಲಿಸೆಕೆಂಡುಗಳದ್ದು, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನದ್ದು.

ತೆರೆದ ತುದಿಯಲ್ಲಿ ಒತ್ತಡ ಸೆಳೆತವಾಗುತ್ತದೆ

ಪೆಟ್ರೋಲ್ ಎಂಜಿನ್ನಿನ ಎಕ್ಸಾಸ್ಟ್ ವಾಲ್ವು ಪಿಸ್ಟನ್ ಕೆಳತುದಿ ಮುಟ್ಟುವ ಮೊದಲೇ, ಕ್ರ್ಯಾಂಕಿನ ಸುಮಾರು 50 ಡಿಗ್ರಿ ಮುಂಚೆ ತೆರೆಯುತ್ತದೆ. ಆಗ ಸಿಲಿಂಡರಿನೊಳಗೆ ಹೊರಗಿನ ಗಾಳಿಯ ಮೂರು-ನಾಲ್ಕು ಪಟ್ಟು ಒತ್ತಡ ಇನ್ನೂ ಉಳಿದಿರುತ್ತದೆ. ಸುಟ್ಟ ಅನಿಲ ಪಿಸ್ಟನ್ ತಳ್ಳುವವರೆಗೆ ಕಾಯದೆ ತಾನಾಗಿ ಸಿಡಿದು ಹೊರಬರುತ್ತದೆ. ಪೈಪಿನಲ್ಲಿ ಏಳುವ ಅಲೆಯ ಹುಟ್ಟು ಇದು.

ಈ ಅಲೆ ಪೈಪಿನುದ್ದಕ್ಕೂ ಓಡಿ, ಪೈಪುಗಳೆಲ್ಲ ಸೇರುವ ಅಗಲವಾದ ಜಾಗಕ್ಕೆ, ಅಂದರೆ ಕಲೆಕ್ಟರಿಗೆ ಬರುತ್ತದೆ. ಅಲ್ಲಿ ಗೋಡೆಯಿಲ್ಲ, ಬಯಲು ಇದೆ. ಒತ್ತಿಕೊಂಡು ಬಂದ ಅನಿಲ ಅಲ್ಲಿ ಒಮ್ಮೆಲೇ ಹರಡಿಕೊಳ್ಳುತ್ತದೆ. ಹರಡುವ ಭರಕ್ಕೆ ಹಿಂದೆ ಒತ್ತಡ ಕುಸಿಯುತ್ತದೆ, ಆ ಕುಸಿತವೇ ಅಲೆಯಾಗಿ ಪೈಪಿನಲ್ಲಿ ಹಿಂದಕ್ಕೆ ಹೊರಡುತ್ತದೆ. ಗೋಲ್ ಗುಂಬಜ್‌ನ ಗೋಡೆಯಿಂದ ಒತ್ತಡ ಒತ್ತಡವಾಗಿಯೇ ಮರಳಿದರೆ, ಹೆಡರಿನ ತೆರೆದ ತುದಿಯಿಂದ ಒತ್ತಡ ಸೆಳೆತವಾಗಿ ಮರಳುತ್ತದೆ.

ಆ ಸೆಳೆತ ಎಂಜಿನ್ನಿಗೆ ಏಕೆ ಬೇಕು? ಪಿಸ್ಟನ್ ಮೇಲ್ತುದಿಗೆ ಬಂದಾಗಲೂ ಸಿಲಿಂಡರ್ ಪೂರ್ತಿ ಖಾಲಿಯಾಗುವುದಿಲ್ಲ. ಕಂಪ್ರೆಷನ್ ಅನುಪಾತ 9:1 ಇರುವ ಎಂಜಿನ್ನಿನಲ್ಲಿ ಒಟ್ಟು ಜಾಗದ ಒಂಬತ್ತನೇ ಒಂದು ಪಾಲು ಪಿಸ್ಟನ್ನಿನ ಮೇಲೆ ಉಳಿದೇ ಉಳಿಯುತ್ತದೆ, ಅದರ ತುಂಬ ಸುಟ್ಟ ಅನಿಲ. ಅದನ್ನು ಪಿಸ್ಟನ್ ಹೊರದಬ್ಬಲಾರದು. ಆದರೆ ಅದೇ ಕ್ಷಣದಲ್ಲಿ ಒಳಬರುವ ವಾಲ್ವು ತೆರೆಯಲು ಶುರುವಾಗಿರುತ್ತದೆ, ಹೊರಹೋಗುವ ವಾಲ್ವು ಇನ್ನೂ ಮುಚ್ಚಿರುವುದಿಲ್ಲ. ಎರಡೂ ಅರೆತೆರೆದ ಆ ಸಣ್ಣ ಸಂಧಿಯಲ್ಲಿ ಸೆಳೆತದ ಅಲೆ ಬಂದು ತಲುಪಿದರೆ ಹಳೆಯ ಅನಿಲವನ್ನು ಎಳೆದುಕೊಳ್ಳುತ್ತದೆ, ಹೊಸ ಮಿಶ್ರಣವನ್ನೂ ಒಳಕ್ಕೆ ಸೆಳೆಯುತ್ತದೆ. ಹೆಡರ್ ಕೊಡುವ ಶಕ್ತಿಯ ಗುಟ್ಟು ಇಷ್ಟೇ.

ಉದ್ದದ ಲೆಕ್ಕ

ಬಿಸಿ ಅನಿಲದಲ್ಲಿ ಶಬ್ದ ವೇಗವಾಗಿ ಓಡುತ್ತದೆ. ಸುಮಾರು 700 ಡಿಗ್ರಿ ಸೆಲ್ಸಿಯಸ್‌ನ ಹೊಗೆಯಲ್ಲಿ ಅದರ ವೇಗ ಸೆಕೆಂಡಿಗೆ 600 ಮೀಟರಿನ ಆಸುಪಾಸು, 400 ಡಿಗ್ರಿಯಲ್ಲಿ 510ರ ಸುಮಾರು. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಒಂದು ಸುತ್ತಿಗೆ 10 ಮಿಲಿಸೆಕೆಂಡ್, ಪಿಸ್ಟನ್ ಕೆಳಗಿನಿಂದ ಮೇಲೇರಲು 5 ಮಿಲಿಸೆಕೆಂಡ್. ಹೊಗೆಯ ಬಡಿತ ಏರಿ ಹೊರಡುವ ಹೊತ್ತನ್ನು ಕಳೆದರೆ ಅಲೆ ಹೋಗಿ ಬರಲು ಸುಮಾರು 3 ಮಿಲಿಸೆಕೆಂಡ್ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 600 ಮೀಟರ್ ವೇಗದಲ್ಲಿ ಅಷ್ಟರೊಳಗೆ ಅದು 1.8 ಮೀಟರ್ ಓಡುತ್ತದೆ. ಹೋಗಿ ಬರುವ ದಾರಿ ಅದಾದ್ದರಿಂದ ಪೈಪಿನ ಉದ್ದ ಅದರ ಅರ್ಧ, 90 ಸೆಂಟಿಮೀಟರ್.

ಈಗ ಎಂಜಿನ್ನಿನ ವೇಗವನ್ನು 3000ಕ್ಕೆ ಇಳಿಸಿ. ಸಿಗುವ ಹೊತ್ತು ಇಮ್ಮಡಿ, 6 ಮಿಲಿಸೆಕೆಂಡ್. ಬೇಕಾಗುವ ಪೈಪು 1.8 ಮೀಟರ್. ಅಷ್ಟು ಉದ್ದದ ನಾಲ್ಕು ಪೈಪುಗಳನ್ನು ಸಣ್ಣ ಕಾರಿನ ಬಾನೆಟ್ಟಿನಡಿ ತುರುಕಲು ಆಗುವುದಿಲ್ಲ. ಆಗಲಿ, 90 ಸೆಂಟಿಮೀಟರಿನದನ್ನೇ ಹಾಕಿದರೆ ಏನಾಗುತ್ತದೆ? ಸೆಳೆತದ ಅಲೆ 3 ಮಿಲಿಸೆಕೆಂಡಿಗೇ, ಬೇಕಾಗುವ ಹೊತ್ತಿಗೆ ಬಹಳ ಮುಂಚೆಯೇ ಬಂದುಬಿಡುತ್ತದೆ. ಅದು ಎಂಜಿನ್ನಿನ ಕಡೆಯಿಂದ ಸೆಳೆತವಾಗಿಯೇ ಪುಟಿದು ಮತ್ತೆ ಕಲೆಕ್ಟರಿಗೆ ಹೋಗಿ, ಈ ಸಲ ಒತ್ತಡವಾಗಿ ತಿರುಗಿ, ಸರಿಯಾಗಿ 6ನೇ ಮಿಲಿಸೆಕೆಂಡಿಗೆ ವಾಲ್ವಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಎಳೆಯಬೇಕಾದ ಹೊತ್ತಿನಲ್ಲಿ ತಳ್ಳುತ್ತದೆ. 6000 ಸುತ್ತಿಗೆ ಲಾಭ ಕೊಡುವ ಪೈಪು 3000 ಸುತ್ತಿನಲ್ಲಿ ಸಾಲ ವಸೂಲಿ ಮಾಡುವುದು ಹೀಗೆ. ನಿಜವಾದ ಎಂಜಿನ್ನಿನಲ್ಲಿ ಅಲೆಗಳು ಇಷ್ಟು ಚೊಕ್ಕವಾಗಿರುವುದಿಲ್ಲ, ಪೈಪಿನಲ್ಲಿ ಸಾಗುತ್ತ ಹೊಗೆ ತಣ್ಣಗಾಗುತ್ತದೆ, ವೇಗ ಇಳಿಯುತ್ತದೆ. ಆದರೂ ಲೆಕ್ಕದ ದಿಕ್ಕು ಬದಲಾಗುವುದಿಲ್ಲ.

ವಿಜಯಪುರದಿಂದ ತಿಕೋಟಾಕ್ಕೋ ಬಬಲೇಶ್ವರಕ್ಕೋ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೊರಟ ಸಣ್ಣ ಪೆಟ್ರೋಲ್ ಕಾರಿನ ಎಂಜಿನ್ ಮೇಲಿನ ಗೇರುಗಳಲ್ಲಿ 2000ದಿಂದ 3000 ಸುತ್ತಿನ ನಡುವೆ ತಿರುಗುತ್ತಿರುತ್ತದೆ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡರೆ ಇನ್ನೂ ಕಡಿಮೆ. ರೇಸಿನ ಟ್ರ್ಯಾಕಿಗೆ ಮಾಡಿದ ಗಿಡ್ಡ ಹೆಡರ್ ಈ ರಸ್ತೆಯಲ್ಲಿ ಸದ್ದು ಕೊಡಬಹುದು, ಎಳೆತ ಕೊಡುವುದಿಲ್ಲ.

ದಪ್ಪದ ಮಾತೂ ಹಾಗೆಯೇ. 32 ಮಿಲಿಮೀಟರ್ ಒಳವ್ಯಾಸದ ಪೈಪಿನ ಬದಲು 38 ಮಿಲಿಮೀಟರಿನದನ್ನು ಹಾಕಿದರೆ ಅಡ್ಡಕೊಯ್ತದ ವಿಸ್ತೀರ್ಣ ಶೇಕಡಾ 41ರಷ್ಟು ಹೆಚ್ಚುತ್ತದೆ, ಅದೇ ಪ್ರಮಾಣದ ಹೊಗೆಯ ವೇಗ ಶೇಕಡಾ 29ರಷ್ಟು ಇಳಿಯುತ್ತದೆ. ವೇಗವಾಗಿ ಓಡುವ ಹೊಗೆ ತನ್ನ ಓಟದ ಭರಕ್ಕೆ ಹಿಂದಿನದನ್ನು ಎಳೆದುಕೊಂಡು ಹೋಗುತ್ತದೆ. ಮಂದವಾದ ಹೊಗೆಗೆ ಆ ಭರವಿಲ್ಲ. 'ಎಂಜಿನ್ನಿಗೆ ಸ್ವಲ್ಪ ಬ್ಯಾಕ್ ಪ್ರೆಶರ್ ಬೇಕು' ಎಂದು ಮೆಕ್ಯಾನಿಕರು ಹೇಳುವುದು ಈ ಅನುಭವದಿಂದಲೇ. ತಡೆಯಿಂದ ಯಾವ ಎಂಜಿನ್ನಿಗೂ ಉಪಕಾರವಿಲ್ಲ. ಉಪಕಾರವಾಗುವುದು ಸಣ್ಣ ಪೈಪು ಕಾಯ್ದುಕೊಳ್ಳುವ ವೇಗದಿಂದ.

ಮೂರು ಸಿಲಿಂಡರ್, ನಾಲ್ಕು ಸಿಲಿಂಡರ್

ಹೆಡರಿನ ಎರಡನೇ ಕೆಲಸ ನೆರೆಹೊರೆಯ ಜಗಳ ಬಿಡಿಸುವುದು. ನಾಲ್ಕು ಸಿಲಿಂಡರಿನ ಎಂಜಿನ್ನುಗಳು ಸಾಮಾನ್ಯವಾಗಿ 1-3-4-2ರ ಸರದಿಯಲ್ಲಿ, 180 ಡಿಗ್ರಿಗೊಂದರಂತೆ ಸಿಡಿಯುತ್ತವೆ. ಆದರೆ ಪ್ರತಿ ಎಕ್ಸಾಸ್ಟ್ ವಾಲ್ವು ಸುಮಾರು 240 ಡಿಗ್ರಿ ಕಾಲ ತೆರೆದಿರುತ್ತದೆ. ಅಂದರೆ ಒಂದನೇ ಸಿಲಿಂಡರ್ ಕೊನೆಯ ಹೊಗೆ ಬಿಡುತ್ತಿರುವಾಗಲೇ ಮೂರನೆಯದು ಜೋರಾಗಿ ಸಿಡಿಯುತ್ತದೆ. ಗಿಡ್ಡ ಎರಕದ ಮ್ಯಾನಿಫೋಲ್ಡಿನಲ್ಲಿ ಆ ಒತ್ತಡ ನೇರ ಒಂದನೆಯದರ ಬಾಗಿಲಿಗೆ ನುಗ್ಗುತ್ತದೆ. ಜಿಪ್ಸಿ, ಎಸ್ಟೀಮ್‌ನಂಥ ಹಳೆಯ ನಾಲ್ಕು ಸಿಲಿಂಡರ್ ಗಾಡಿಗಳಿಗೆ 4-2-1 ಹೆಡರ್ ಒಪ್ಪುವುದು ಇದಕ್ಕಾಗಿ. ಅದರಲ್ಲಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಜೋಡಿಯೊಳಗಿನ ಸಿಡಿತಗಳ ನಡುವೆ 360 ಡಿಗ್ರಿ ಅಂತರ ಇರುವುದರಿಂದ ಒಬ್ಬರ ಹೊಗೆ ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ. ಎರಡನೇ ಹಂತದ ಪೈಪುಗಳು ಅಲೆಗೆ ಇನ್ನಷ್ಟು ಉದ್ದ ಕೊಡುವುದರಿಂದ ಮಧ್ಯಮ ವೇಗದಲ್ಲೂ ಅಷ್ಟಿಷ್ಟು ಎಳೆತ ಸಿಗುತ್ತದೆ. ನಾಲ್ಕೂ ಪೈಪು ಒಂದೇ ಕಡೆ ಸೇರುವ 4-1 ಹೆಡರ್ ಮೇಲಿನ ವೇಗಕ್ಕೆ ವಾಸಿ.

ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಮಾರುತಿ 800, ಆಲ್ಟೋಗಳ ಕಥೆ ಬೇರೆ. 796 ಸಿಸಿಯ ಆ ಎಂಜಿನ್ನಿಗೆ ಮೂರೇ ಸಿಲಿಂಡರ್. ಸಿಡಿತಗಳ ನಡುವೆ 240 ಡಿಗ್ರಿ ಅಂತರ. ಒಬ್ಬರ ಬಾಗಿಲು ಮುಚ್ಚುವ ಹೊತ್ತಿಗೆ ಮುಂದಿನವರ ಬಾಗಿಲು ತೆರೆಯುತ್ತದೆ. ಬಿಡಿಸಲು ಅಲ್ಲಿ ಹೆಚ್ಚಿನ ಜಗಳವೇ ಇಲ್ಲ. ಅದಕ್ಕೆ ಹೆಡರ್ ಹಾಕಿದರೆ ಈ ಬಾಬಿನಲ್ಲಿ ಸಿಗುವ ಲಾಭ ಅತ್ಯಲ್ಪ. ಟರ್ಬೊ ಇರುವ ಡೀಸೆಲ್ ಗಾಡಿಗಳಲ್ಲಂತೂ ಹೊಗೆಯ ಬಿಸಿ ಮತ್ತು ಭರ ಎರಡೂ ಟರ್ಬೊದ ಚಕ್ರ ತಿರುಗಿಸಲು ಬೇಕು. ಅಲ್ಲಿ ಉದ್ದನೆಯ ಪೈಪು ಹಾಕುವುದು ಆ ಬಿಸಿಯನ್ನು ದಾರಿಯಲ್ಲೇ ಚೆಲ್ಲಿದಂತೆ.

ಬಯಲುಸೀಮೆಯ ಗಾಳಿ

ವಿಜಯಪುರ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಶೇಕಡಾ 7ರಷ್ಟು ಕಡಿಮೆ. ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ತಲುಪಿದಾಗ, 15 ಡಿಗ್ರಿಯ ಗಾಳಿಗೆ ಹೋಲಿಸಿದರೆ ಸಾಂದ್ರತೆ ಇನ್ನೂ ಶೇಕಡಾ 8ರಷ್ಟು ಇಳಿಯುತ್ತದೆ. ಟರ್ಬೊ ಇಲ್ಲದ ಎಂಜಿನ್ ಎಳೆದುಕೊಳ್ಳುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ, ಶಕ್ತಿಯೂ ಅದರ ಬೆನ್ನಿಗೇ ಇಳಿಯುತ್ತದೆ. ಬೇರೇನನ್ನೂ ಬದಲಿಸದೆ ಹೆಡರ್ ಒಂದನ್ನೇ ಹಾಕಿದ ಸಾಮಾನ್ಯ ಕಾರಿಗೆ ಸಿಗುವುದು ಕೆಲವೇ ಶೇಕಡಾ. ಚೈತ್ರ-ವೈಶಾಖದ ಬಿಸಿಲು ಕಸಿದುಕೊಳ್ಳುವುದು ಅದಕ್ಕಿಂತ ಹೆಚ್ಚು.

ಹೆಡರಿನ ತೆಳು ಗೋಡೆಯ ಪೈಪು ದಪ್ಪ ಎರಕಕ್ಕಿಂತ ಬೇಗ ಬಿಸಿಯನ್ನು ಬಾನೆಟ್ಟಿನೊಳಕ್ಕೆ ಬಿಡುತ್ತದೆ. ಆ ಬಿಸಿ ಗಾಳಿಯನ್ನೇ ಎಂಜಿನ್ ಒಳಕ್ಕೆಳೆದುಕೊಂಡರೆ ಬಂದ ಲಾಭ ಬಂದ ದಾರಿಯಲ್ಲೇ ಹೋಗುತ್ತದೆ. ಮೂಲ ಹೀಟ್ ಶೀಲ್ಡನ್ನು ಮತ್ತೆ ಕೂರಿಸುವುದು, ಏರ್ ಫಿಲ್ಟರಿಗೆ ಗ್ರಿಲ್ಲಿನ ಕಡೆಯ ತಂಪು ಗಾಳಿ ಸಿಗುವಂತೆ ನೋಡುವುದು ಇಲ್ಲಿ ಹೆಡರಿನಷ್ಟೇ ಮುಖ್ಯ. ಕೆಳಗೆ ಇಳಿಬಿದ್ದ ಕಾದ ಪೈಪಿನಿಂದ ಬೆಂಕಿಯ ಭಯವೂ ಇದೆ. ರಸ್ತೆಯ ಮೇಲೆ ಒಕ್ಕಲಿಗೆ ಹರಡಿದ ಹುರುಳಿ ಬಳ್ಳಿ ಗಾಡಿಯ ತಳಕ್ಕೆ ಸುತ್ತಿಕೊಂಡು ಕಾರು ಹೊತ್ತಿಕೊಂಡ ಸುದ್ದಿ ಕರ್ನಾಟಕದಲ್ಲಿ ಸುಗ್ಗಿಯ ಕಾಲಕ್ಕೆ ಕೇಳಿಬರುತ್ತದೆ. ಕಬ್ಬಿನ ರವದಿ, ಜೋಳದ ಕಣಕಿ ಹರಡಿದ ಹೊಲದಂಚಿನಲ್ಲಿ ಇಂಥ ಗಾಡಿಯನ್ನು ನಿಲ್ಲಿಸಬಾರದು.

ಅಂಗಳದಲ್ಲಿ ಕೆಲಸ

ಕೆಲಸಕ್ಕೆ ಬಯಲು ಬೇಕು, ಮುಚ್ಚಿದ ಶೆಡ್ಡು ಸಲ್ಲದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಗಾಡಿಯನ್ನು ಜಾಕಿನಿಂದ ಎತ್ತಿದ ಮೇಲೆ ಸ್ಟ್ಯಾಂಡುಗಳ ಮೇಲೆ ಕೂರಿಸಿ, ನೆಲದಲ್ಲಿರುವ ಚಕ್ರಗಳಿಗೆ ಅಡ್ಡ ಕೊಟ್ಟು, ಆಮೇಲಷ್ಟೇ ಕೆಳಗೆ ನುಸುಳಬೇಕು. ಬರೀ ಜಾಕು, ಇಟ್ಟಿಗೆ, ಕಲ್ಲು ನಂಬಿದರೆ ಜೀವಕ್ಕೆ ಕುತ್ತು. ಬ್ಯಾಟರಿಯ ನೆಗೆಟಿವ್ ಬಿಚ್ಚಿಡಬೇಕು.

ಇಡೀ ಕೆಲಸದಲ್ಲಿ ತಾಳ್ಮೆ ಬೇಡುವುದು ಹಳೆಯ ಸ್ಟಡ್ಡುಗಳು. ವರ್ಷಗಟ್ಟಲೆ ಕಾದು ಆರಿದ ನಟ್ಟು ತುಕ್ಕಿನಿಂದ ಸ್ಟಡ್ಡಿಗೆ ಬೆಸೆದಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನಟ್ಟಿನ ಮೇಲೆ ಸಣ್ಣ ಸುತ್ತಿಗೆಯಿಂದ ಹಗುರಾಗಿ ತಟ್ಟಬೇಕು. ಪಾನಾ ಹಾಕಿ ಕಾಲು ಸುತ್ತು ಬಿಚ್ಚಿ, ಮತ್ತೆ ಅಷ್ಟೇ ಬಿಗಿದು, ಇನ್ನೊಂದು ಹನಿ ಎಣ್ಣೆ ಬಿಟ್ಟು ಮತ್ತೆ ಬಿಚ್ಚಬೇಕು. ಕಿರ್ ಎಂಬ ಸದ್ದಿನೊಂದಿಗೆ ಕೆಂಪು ಪುಡಿ ಹೊರಬರತೊಡಗಿದರೆ ನಟ್ಟು ಬರುತ್ತದೆ. ಪಾನಾ ಮೆತ್ತಗಾಗಿ, ರಬ್ಬರಿನಂತೆ ತಿರುಚಿದ ಅನುಭವ ಕೈಗೆ ಬಂದರೆ ಅಲ್ಲಿಯೇ ನಿಲ್ಲಿಸಬೇಕು, ಸ್ಟಡ್ಡು ಮುರಿಯುವ ಮುನ್ಸೂಚನೆ ಅದು. ಅಲ್ಯೂಮಿನಿಯಂ ಹೆಡ್ಡಿನೊಳಗೆ ಮುರಿದ ಸ್ಟಡ್ಡು ತೆಗೆಸಲು ಲೇತ್ ಅಂಗಡಿಯೇ ಗತಿ.

ಹೊಸ ಹೆಡರಿನ ಫ್ಲ್ಯಾಂಜು ಸಮತಟ್ಟಾಗಿದೆಯೇ ಎಂದು ಉಕ್ಕಿನ ಪಟ್ಟಿ ಇಟ್ಟು, ಫೀಲರ್ ಗೇಜು ತೂರಿಸಿ ನೋಡಬೇಕು. ವೆಲ್ಡಿಂಗಿನ ಬಿಸಿಗೆ ಸೊಟ್ಟಗಾದ ಫ್ಲ್ಯಾಂಜು ಯಾವ ಪ್ಯಾಕಿಂಗಿನಿಂದಲೂ ಸರಿಹೋಗುವುದಿಲ್ಲ. ಹಳೆಯ ಪ್ಯಾಕಿಂಗನ್ನು ಮತ್ತೆ ಹಾಕಬಾರದು. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು-ಮೂರು ಸುತ್ತಿನಲ್ಲಿ, ಗಾಡಿಯ ಕೈಪಿಡಿ ಹೇಳುವ ಟಾರ್ಕಿಗೆ ಬಿಗಿಯಬೇಕು. ಎಂಜಿನ್ ಒಮ್ಮೆ ಕಾದು ಆರಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಅರ್ಧ ಮೀಟರ್ ಉದ್ದದ ಸ್ಟೇನ್‌ಲೆಸ್ ಪೈಪು 600 ಡಿಗ್ರಿ ಬಿಸಿಯೇರಿದಾಗ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ, ಆರಿದಾಗ ಕುಗ್ಗುತ್ತದೆ. ಆ ಎಳೆದಾಟಕ್ಕೆ ನಟ್ಟುಗಳು ಸಡಿಲಾಗುತ್ತವೆ. ಬ್ರೇಕ್ ಪೈಪು, ವೈರು, ಸ್ಟೀರಿಂಗ್ ರಾಡುಗಳಿಂದ ಹೆಡರ್ ದೂರವಿರಬೇಕು. ಎಂಜಿನ್ ತನ್ನ ಮೌಂಟಿನ ಮೇಲೆ ಅಲುಗಾಡುತ್ತದೆ ಎಂಬುದು ನೆನಪಿರಲಿ.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಮಾಡಿಸುವವರಿಗೆ ಒಂದು ಎಚ್ಚರಿಕೆ. ಬೋರ್‌ವೆಲ್ಲಿನ ಕೆಲಸದಲ್ಲಿ ಉಳಿದ ಜಿಐ ಪೈಪಿನ ತುಂಡುಗಳು ತೋಟದ ಊರುಗಳಲ್ಲಿ ಸುಲಭವಾಗಿ ಸಿಗುತ್ತವೆ. ಅವುಗಳ ಮೇಲಿನ ಸತುವಿನ ಲೇಪ 420 ಡಿಗ್ರಿಗೇ ಕರಗುತ್ತದೆ, 907 ಡಿಗ್ರಿಗೆ ಕುದಿಯುತ್ತದೆ. ವೆಲ್ಡಿಂಗಿನ ಕಿಡಿಗೆ ಏಳುವ ಅದರ ಬಿಳಿ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ. ಹೆಡರಿಗೆ ಜಿಐ ಪೈಪು ಬೇಡವೇ ಬೇಡ.

ಸೋರಿಕೆ, ಸೆನ್ಸರ್, ಕಾಯಿದೆ

ಫ್ಲ್ಯಾಂಜಿನಲ್ಲಿ ಸಣ್ಣ ಸಂದು ಉಳಿದರೆ ಹೊಗೆ ಹೊರಗೆ ಸೋರುತ್ತದೆ ಎಂದಷ್ಟೇ ಜನ ತಿಳಿಯುತ್ತಾರೆ. ಸೆಳೆತದ ಅಲೆ ಬಂದಾಗ ಅದೇ ಸಂದಿನಿಂದ ಹೊರಗಿನ ಗಾಳಿ ಒಳಕ್ಕೂ ನುಗ್ಗುತ್ತದೆ. ಮುಂದಿರುವ ಆಕ್ಸಿಜನ್ ಸೆನ್ಸರ್ ಆ ಗಾಳಿಯನ್ನು ಕಂಡು 'ಪೆಟ್ರೋಲ್ ಸಾಲದು' ಎಂದು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಅದು ಪೆಟ್ರೋಲ್ ಹೆಚ್ಚಿಸುತ್ತದೆ, ಮೈಲೇಜು ಬೀಳುತ್ತದೆ. ಹೆಡರ್ ಹಾಕಿದ ಮೇಲೆ ಗಾಡಿ ಹೆಚ್ಚು ಕುಡಿಯುತ್ತಿದೆ ಎಂದರೆ ಮೊದಲು ನೋಡಬೇಕಾದದ್ದು ಈ ಸಂದು.

ದೇಶದಲ್ಲಿ 2020ರ ಏಪ್ರಿಲ್ 1ರಿಂದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದಿದೆ. ಈಚಿನ ಹಲವು ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಮ್ಯಾನಿಫೋಲ್ಡಿಗೇ ಅಂಟಿಕೊಂಡಿರುತ್ತದೆ, ಏಕೆಂದರೆ 250-300 ಡಿಗ್ರಿ ಕಾದರಷ್ಟೇ ಅದು ವಿಷಾನಿಲಗಳನ್ನು ಸುಡಬಲ್ಲದು. ಅಂಥ ಕಾರಿಗೆ ಹೆಡರ್ ಹಾಕುವುದೆಂದರೆ ಕನ್ವರ್ಟರನ್ನೇ ಕಿತ್ತು ಎಸೆಯುವುದು. ಆ ಹೊಗೆ ಹೋಗುವುದು ನಮ್ಮ ಓಣಿಯ ಮಕ್ಕಳ ಎದೆಗೆ. ಮೋಟಾರು ವಾಹನ ಕಾಯಿದೆಯ 190(2)ನೇ ಕಲಮಿನಡಿ, ಹೊಗೆ ಮತ್ತು ಸದ್ದಿನ ಮಿತಿ ಮೀರಿದ ಗಾಡಿ ಓಡಿಸಿದರೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ 52ನೇ ಕಲಮನ್ನು ವಿವರಿಸಿ ಹೇಳಿದೆ. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ಕಿವಿಗಡಚಿಕ್ಕುವ ಸೈಲೆನ್ಸರುಗಳನ್ನು ವಶಪಡಿಸಿ ರೋಡ್ ರೋಲರಿನಡಿ ಹಾಕಿದ್ದಾರೆ. ಹೆಡರ್ ಇರುವುದು ಎಂಜಿನ್ನಿನ ಬಾಯಲ್ಲಿ, ಸೈಲೆನ್ಸರ್ ಇರುವುದು ಗಾಡಿಯ ಬಾಲದಲ್ಲಿ. ಅಲೆಯ ಲಾಭಕ್ಕಾಗಿ ಸೈಲೆನ್ಸರ್ ಕೀಳಬೇಕಾದ ಅಗತ್ಯ ಭೌತಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ.

ಅಳೆದು ತೀರ್ಮಾನಿಸಿ

ಹೊಸ ಪೈಪಿನ ಗಡಸು ದನಿ ಕಿವಿಗೆ ಬಿದ್ದಾಗ ಗಾಡಿ ಜೋರಾಗಿ ಓಡಿದಂತೆ ಅನಿಸುವುದು ಮನುಷ್ಯರಿಗೆಲ್ಲ ಸಹಜ. ಆದ್ದರಿಂದ ಕಿವಿಯನ್ನು ಬಿಟ್ಟು ಗಡಿಯಾರವನ್ನು ನಂಬಬೇಕು. ಹೆಡರ್ ಹಾಕುವ ಮೊದಲು, ಬೆಳಗಿನ ತಂಪಿನಲ್ಲಿ, ಜನಸಂಚಾರವಿಲ್ಲದ ಒಂದು ಸಮತಟ್ಟಾದ ದಾರಿಯಲ್ಲಿ, ಮೂರನೇ ಗೇರಿನಲ್ಲಿ ಗಂಟೆಗೆ 30ರಿಂದ 60 ಕಿಲೋಮೀಟರ್ ತಲುಪಲು ಎಷ್ಟು ಸೆಕೆಂಡ್ ಬೇಕೆಂದು ಜೊತೆಗಿರುವವರು ಗುರುತು ಹಾಕಿಕೊಳ್ಳಲಿ. ಗಾಳಿಯ ಪರಿಣಾಮ ಸರಿತೂಗಲು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಒಂದು ಟ್ಯಾಂಕಿನ ಮೈಲೇಜನ್ನೂ ಬರೆದಿಡಲಿ. ಹೆಡರ್ ಹಾಕಿದ ಮೇಲೆ ಅದೇ ದಾರಿ, ಅದೇ ಹೊತ್ತು, ಅಷ್ಟೇ ಜನ.

ಅಂಕಿಗಳು ಸುಧಾರಿಸಿದರೆ ಪೈಪಿನ ಉದ್ದ ನಿಮ್ಮ ಓಟಕ್ಕೆ ಹೊಂದಿದೆ. ಸುಧಾರಿಸದಿದ್ದರೆ ಎರಕದ ಮ್ಯಾನಿಫೋಲ್ಡನ್ನು ಮರಳಿ ಕೂರಿಸಿ. ಅದನ್ನು ವಿನ್ಯಾಸ ಮಾಡಿದವರು ನಿಮ್ಮ ಎಂಜಿನ್ ಹೆಚ್ಚಿನ ಕಾಲ ತಿರುಗುವ ವೇಗವನ್ನು ಲೆಕ್ಕಕ್ಕೆ ಹಿಡಿದೇ ಮಾಡಿರುತ್ತಾರೆ. ಹಳೆಯ ಮ್ಯಾನಿಫೋಲ್ಡು, ಅದರ ಸ್ಟಡ್ಡು, ಶೀಲ್ಡುಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಕಟ್ಟಿಡಲು ಇದೊಂದೇ ಕಾರಣ ಸಾಕು.